ಇಪ್ಪತ್ತೆಂಟನೇ ನಂಬರಿನ ಬಸ್ಸು

ಉಡುಪಿಯಲ್ಲಿ ನನ್ನನ್ನು ಎಲ್ಲರೂ ಬೆಂಗಳೂರು ಟೈಲರ್ ಎಂದೇ ಕರೆಯುತ್ತಿದ್ದರು. ಆ ಹೆಸರು ಊರು ಕೊಟ್ಟದ್ದಲ್ಲ, ನಾನೇ ಇಟ್ಟುಕೊಂಡದ್ದು. ಅಂಗಡಿ ತೆರೆಯುವಾಗ ಬೋರ್ಡು ಬರೆಯುವವನು ಬ್ರಷ್ ಅದ್ದಿಕೊಂಡು "ಎಂತ ಬರೆಯಲಿ?" ಎಂದು ಕೇಳಿದ. ನಾನು ಒಂದು ಕ್ಷಣವೂ ಯೋಚಿಸದೆ ಬೆಂಗಳೂರಿನ ಹೆಸರು ಹೇಳಿಬಿಟ್ಟೆ. ಹೇಳಿದ್ದು ಸುಳ್ಳಲ್ಲ. ಬೆಂಗಳೂರಿನಲ್ಲಿ ಹನ್ನೊಂದು ತಿಂಗಳು ಕೆಲಸ ಮಾಡಿದವನು ನಾನು.

ಏನು ಕೆಲಸ ಎಂದು ಆಗ ಯಾರೂ ಕೇಳಲಿಲ್ಲ. ಈಗ ಕೇಳದಿದ್ದರೂ ಹೇಳುತ್ತೇನೆ. ಯೂನಿಫಾರ್ಮಿನ ಪ್ಯಾಂಟು ಹೊಲಿಯುವ ಒಂದು ಮಹಡಿಯ ಕೋಣೆ ಅದು. ನಾನು ಎಡಗಾಲು ಹೊಲಿಯುತ್ತಿದ್ದೆ. ಎದುರಿನ ಮೆಶಿನ್ನಿನ ತಮಿಳಿನವನು ಬಲಗಾಲು ಹೊಲಿಯುತ್ತಿದ್ದ. ಎರಡೂ ಕಾಲನ್ನು ಕೂಡಿಸುವವನು ಕಿಟಕಿಯ ಹತ್ತಿರ ಕೂರುತ್ತಿದ್ದ. ಅವನಿಗೆ ಗಾಳಿ ಬರುತ್ತಿತ್ತು, ನಮಗೆ ನೂಲಿನ ಧೂಳು. ಕೆಳಗಿನ ಹೋಟೆಲಿನಲ್ಲಿ ಊಟ, ಕಟಿಂಗ್ ಮೇಜಿನ ಕೆಳಗೆ ನಿದ್ರೆ, ಭಾನುವಾರ ಇಗರ್ಜಿಗೆ ಹೋಗಿ ಬಂದು ಬಟ್ಟೆ ಒಗೆಯುವುದು. ಬೆಂಗಳೂರಿನಲ್ಲಿ ನಾನು ನೋಡಿದ್ದು ಬಸ್‌ಸ್ಟ್ಯಾಂಡು, ಒಂದು ಓಣಿ, ಒಂದು ಇಗರ್ಜಿ ಮತ್ತು ಸಾವಿರಾರು ಎಡಗಾಲು.

ರವಕೆ ಹೊಲಿಯಲು ಕಲಿತದ್ದು ಕಾರ್ಕಳದಲ್ಲಿ, ಒಬ್ಬ ವಿಧವೆಯ ಹತ್ತಿರ. ಅವರ ಕೈಗೆ ಸಮನಾದ ಕೈಯನ್ನು ನಾನು ಇನ್ನೂ ನೋಡಿಲ್ಲ. ಆದರೆ ಬೋರ್ಡಿನ ಮೇಲೆ ಕಾರ್ಕಳದ ವಿಧವೆ ಎಂದು ಬರೆಸಿದರೆ ಮಣಿಪಾಲದ ಡಾಕ್ಟರರ ಹೆಂಡತಿಯರು ಗುಡ್ಡೆ ಇಳಿದು ಬರುತ್ತಾರೆಯೇ? ಬರುತ್ತಿರಲಿಲ್ಲ. ಈಗ ಅವರು ದಾರಿಯಲ್ಲಿ ಸಿಗುವ ಮೂರು ಟೈಲರ್ ಅಂಗಡಿಗಳನ್ನು ದಾಟಿ ನನ್ನಲ್ಲಿಗೆ ಬರುತ್ತಿದ್ದರು. "ಬೆಂಗಳೂರಿನಲ್ಲಿ ಈಗ ತೋಳು ಉದ್ದವಾ, ಗಿಡ್ಡವಾ?" ಎಂದು ಕೇಳುತ್ತಿದ್ದರು. ನಾನು ಕಣ್ಣು ಸಣ್ಣ ಮಾಡಿ, ಸ್ವಲ್ಪ ಹೊತ್ತು ಗೋಡೆ ನೋಡಿ, "ಈಗ ಮೊಣಕೈಯಿಂದ ಎರಡು ಇಂಚು ಮೇಲೆ" ಎನ್ನುತ್ತಿದ್ದೆ. ಒಂದು ತಿಂಗಳಲ್ಲಿ ಇಡೀ ಮಣಿಪಾಲದ ತೋಳು ಮೊಣಕೈಯಿಂದ ಎರಡು ಇಂಚು ಮೇಲೆ ನಿಲ್ಲುತ್ತಿತ್ತು.

ಆರನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟವನು ನಾನು. ಬಡತನದಿಂದ ಬಿಟ್ಟೆ ಎಂದು ಬರೆದರೆ ಓದುವವರ ಕಣ್ಣು ಒದ್ದೆಯಾಗಬಹುದು. ಬಡತನ ಇತ್ತು, ಸುಳ್ಳಲ್ಲ. ಆದರೆ ಬಿಟ್ಟದ್ದು ಬೇಜಾರಾದದ್ದಕ್ಕೆ. ಅಂಥವನ ಮುಂದೆ ಎಂ.ಎ. ಕಲಿತ ಹೆಂಗಸರು ನಿಂತು "ನೀವು ಹೇಳಿದ ಹಾಗೆ" ಎನ್ನುವಾಗ ಆಗುವ ಸುಖ ಸಣ್ಣದಲ್ಲ. ಆ ಸುಖ ನಿಂತದ್ದು ಬೆಂಗಳೂರಿನ ಮೇಲೆ. ಅದು ಜಾರಿದರೆ ನಾನೂ ಸಾಲಿನ ನಾಲ್ಕನೇ ಅಂಗಡಿಯವನು, ಅಷ್ಟೇ.

ಹೀಗಿರುವಾಗ ನನ್ನ ತಂಗಿಗೆ ಮದುವೆ ಗೊತ್ತಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆ ಹಿರಿಯಡ್ಕದಲ್ಲಿ. ತಂದೆ ತೀರಿದ ಮೇಲೆ ಮಾಂಯ್, ಅಂದರೆ ನಮ್ಮ ತಾಯಿ, ನಾನು ಮತ್ತು ತಂಗಿ ಮೂವರೇ. ತಂಗಿ ಮಣಿಪಾಲದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ಹುಡುಗ ಕಾರ್ಕಳದ ಕಡೆಯವನು, ಮಸ್ಕತ್ತಿನಲ್ಲಿ ಕೆಲಸ. ಮದುವೆಗೆಂದು ಒಂದು ತಿಂಗಳ ಮೊದಲೇ ಮಾವ್ಶಿಯ ಮಗಳು ಬೊಂಬಾಯಿಯಿಂದ ಬಂದಿಳಿದಳು. ಮಾವ್ಶಿ ಎಂದರೆ ಮಾಂಯ್‌ಯ ತಂಗಿ. ಈ ಬೊಂಬಾಯಿಯವಳು ಟ್ರಂಕಿನಲ್ಲಿ ಸೀರೆಯ ಜೊತೆ ಒಂದು ಆಲೋಚನೆಯನ್ನೂ ಮಡಚಿಟ್ಟು ತಂದಿದ್ದಳು.

"ನಮ್ಮ ಆಫೀಸಿನಲ್ಲಿ ಮದುವೆ ಗೊತ್ತಾದ ಹುಡುಗಿಯನ್ನು ಫ್ರೆಂಡ್ಸ್ ಎಲ್ಲ ಸೇರಿ ಎರಡು ದಿನ ಎಲ್ಲಿಗಾದರೂ ಕರ್ಕೊಂಡು ಹೋಗ್ತಾರೆ. ಗಂಡಸರು ಯಾರೂ ಇಲ್ಲ. ತಿನ್ನುವುದು, ತಿರುಗುವುದು, ನಗುವುದು. ಇವಳನ್ನು ನಾವು ಬೆಂಗಳೂರಿಗೆ ಕರ್ಕೊಂಡು ಹೋಗುವ" ಎಂದಳು ಊಟದ ಹೊತ್ತಿಗೆ.

ಮಾಂಯ್ ಮೀನು ಬಡಿಸುವ ಕೈಯನ್ನು ಹಾಗೆಯೇ ನಿಲ್ಲಿಸಿದರು. "ನಗಲಿಕ್ಕೆ ಬೆಂಗಳೂರಿಗೆ ಹೋಗಬೇಕಾ? ಅಂಗಳ ಉಂಟಲ್ಲ. ಅಲ್ಲಿ ಕೂತು ನಗಿ."

"ಅಂಗಳದಲ್ಲಿ ನಕ್ಕರೆ ನೀವು ಬೈತೀರಲ್ಲ ಮಾವ್ಶಿ."

ನಾನು ಮಾಂಯ್‌ಯ ಪಕ್ಷ ವಹಿಸಿದೆ. ಮೂರು ಭಾನುವಾರ ಇಗರ್ಜಿಯಲ್ಲಿ ಮದುವೆಯ ಪ್ರಕಟಣೆ ಓದುವ ಕಾಲ. ಹುಡುಗಿ ಊರಿನಲ್ಲಿ ಇರುವುದು ಬಿಟ್ಟು ಬೆಂಗಳೂರಿನಲ್ಲಿ ತಿರುಗುವುದು ಚಂದವೇ ಎಂದು ಒಂದು ಸಣ್ಣ ಭಾಷಣವನ್ನೇ ಮಾಡಿದೆ. ತಂಗಿ ಅಷ್ಟರವರೆಗೆ ಬಾಯಿ ಬಿಟ್ಟಿರಲಿಲ್ಲ. ತಟ್ಟೆ ಸರಿಸಿ ಹೇಳಿದಳು.

"ಮಾಂಯ್, ನಾನು ಹುಟ್ಟಿದ ಮೇಲೆ ಹಿರಿಯಡ್ಕದಿಂದ ಮಣಿಪಾಲ, ಮಣಿಪಾಲದಿಂದ ಹಿರಿಯಡ್ಕ. ಮದುವೆ ಆದ ಮೇಲೆ ಕಾರ್ಕಳ. ಅವರು ನಲವತ್ತು ದಿನಕ್ಕೆ ವಿಮಾನ ಹತ್ತುತ್ತಾರೆ. ಮತ್ತೆ ಮನೆಯಲ್ಲಿ ನಾನು, ಅತ್ತೆ, ಅತ್ತೆಯ ಎರಡು ಎಮ್ಮೆ. ಎಮ್ಮೆಯ ಮುಖ ನೋಡುವ ಮೊದಲು ಎರಡು ದಿನ ಕೊಡಿ."

ಮಾಂಯ್ ತಟ್ಟೆಯ ಮೀನಿನ ಮುಳ್ಳು ಬಿಡಿಸಿ ಮುಗಿಸಿದರು. ಕೊನೆಗೆ ಒಪ್ಪಿದರು, ಮೂರು ಷರತ್ತಿನ ಮೇಲೆ. ಭಾನುವಾರದ ಪೂಜೆ ತಪ್ಪಬಾರದು. ಉಳಿಯುವುದು ನಮ್ಮ ಸಂಬಂಧದ ಒಬ್ಬರು ಸಿಸ್ಟರ್ ಇರುವ ಕಾನ್ವೆಂಟಿನಲ್ಲಿ. ಮೂರನೆಯದನ್ನು ನನ್ನ ಕಡೆ ತಿರುಗಿ ಹೇಳಿದರು: "ನೀನು ಜೊತೆಗೆ ಹೋಗಬೇಕು. ಬೆಂಗಳೂರು ಗೊತ್ತಿದ್ದವ ಈ ಮನೆಯಲ್ಲಿ ನೀನೊಬ್ಬನೇ."

"ಅಂಗಡಿಯಲ್ಲಿ ಕೆಲಸ ಉಂಟು" ಎಂದೆ. "ತಂಗಿಗಿಂತ ದೊಡ್ಡ ಕೆಲಸವಾ?" ಎಂದರು ಮಾಂಯ್. ಗಂಡಸರು ಯಾರೂ ಇಲ್ಲದ ನಗುವಿನ ಪ್ರವಾಸಕ್ಕೆ ಅಣ್ಣ ಕಾವಲು, ಸನ್ಯಾಸಿನಿಯರ ಮಠದಲ್ಲಿ ವಾಸ್ತವ್ಯ. ಬೊಂಬಾಯಿಯವಳು ತಲೆಗೆ ಕೈ ಇಟ್ಟಳು.

ಹೊರಡುವವರು ನಾಲ್ವರು ಹುಡುಗಿಯರು. ತಂಗಿ, ಬೊಂಬಾಯಿಯವಳು, ತಂಗಿಯ ಜೊತೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದ ಮಣಿಪಾಲದ ಒಬ್ಬಳು ನರ್ಸ್, ಮತ್ತು ತಂಗಿಯ ಹೈಸ್ಕೂಲಿನ ಗೆಳತಿಯಾಗಿದ್ದು ಈಗ ಕಾಪುವಿನಲ್ಲಿ ಟೀಚರ್ ಆಗಿದ್ದವಳು. ಬೊಂಬಾಯಿಯವಳು ಬಿಟ್ಟು ಎಲ್ಲರೂ ನನ್ನ ಗಿರಾಕಿಗಳೇ. ಮೀಟಿಂಗು ನನ್ನ ಅಂಗಡಿಯ ಬೆಂಚಿನ ಮೇಲೆ, ಶನಿವಾರ ಮಧ್ಯಾಹ್ನ. ಟೀಚರ್ ಶಾಲೆಯ ವೇಳಾಪಟ್ಟಿಯ ಹಾಗೆ ಗೆರೆ ಎಳೆದ ಕಾಗದ ತಂದಿದ್ದಳು. ಶನಿವಾರ ಮೊದಲ ಪೀರಿಯಡ್ ಲಾಲ್‌ಬಾಗ್, ಎರಡನೇ ಪೀರಿಯಡ್ ಅಂಗಡಿ ಬೀದಿ, ಊಟ, ಮತ್ತೆ ಕೆರೆಯಲ್ಲಿ ದೋಣಿ.

"ದೋಣಿಯಾ? ನೀನು ಕಾಪುವಿನವಳು ಮಾರಾಯ್ತಿ. ಸಮುದ್ರ ಬಿಟ್ಟು ಕೆರೆ ನೋಡಲಿಕ್ಕೆ ಹೋಗ್ತೀಯಾ?" ಎಂದಳು ನರ್ಸ್.

"ಕಾಪುವಿನಲ್ಲಿ ದೋಣಿ ಹತ್ತಿದರೆ ಮೀನು ಹಿಡಿಯಬೇಕು. ಅಲ್ಲಿ ಸುಮ್ಮನೆ ಕೂರಬಹುದಲ್ಲ" ಎಂದಳು ಟೀಚರ್. ಪೆನ್ಸಿಲ್ ಎತ್ತಿ ನನ್ನ ಕಡೆ ತಿರುಗಿದಳು. "ಅಣ್ಣಾ, ಲಾಲ್‌ಬಾಗಿಗೆ ಯಾವ ಬಸ್ಸು? ಬರೆದುಕೊಳ್ಳುತ್ತೇನೆ."

ನಾನು ಮೆಶಿನ್ನಿನ ಚಕ್ರ ಸ್ವಲ್ಪ ಜೋರಾಗಿಯೇ ತಿರುಗಿಸಿದೆ. "ಅದೆಲ್ಲ ನನಗೆ ಬಿಡಿ. ಬೆಂಗಳೂರು ನನಗೆ ಅಂಗೈ ಇದ್ದ ಹಾಗೆ."

ಆ ಅಂಗೈಯನ್ನು ತುಂಬಿಸಿಕೊಳ್ಳಲು ನನಗೆ ಒಂದು ವಾರ ಇತ್ತು. ಯಾರನ್ನಾದರೂ ನೇರವಾಗಿ ಕೇಳಬಹುದಿತ್ತು. ಆದರೆ ಕೇಳಿದೊಡನೆ ಸುದ್ದಿ ಉಡುಪಿಯ ತೆಂಕಪೇಟೆಯಿಂದ ಮಣಿಪಾಲದವರೆಗೆ ಹಬ್ಬುತ್ತಿತ್ತು. ಪುಣ್ಯಕ್ಕೆ ಬೆಂಗಳೂರಿನ ಒಬ್ಬಳು ಮೆಡಿಕಲ್ ಓದುವ ಹುಡುಗಿ ರವಕೆಯ ಅಳತೆ ಕೊಡಲು ಬಂದಳು. ನಾನು ಟೇಪು ಹಿಡಿದು, ಲೋಕಾಭಿರಾಮವಾಗಿ ಮಾತು ತೆಗೆದೆ. "ನಾನಿದ್ದಾಗ ಲಾಲ್‌ಬಾಗಿನ ಬಸ್ಸು ಬೇರೆ ಇತ್ತು. ಈಗ ನಂಬರ್ ಬದಲಾಗಿರಬೇಕಲ್ಲ?" ಆ ಹುಡುಗಿಗೆ ಊರಿನ ನೆನಪಾಗಿ ಮಾತು ಉಕ್ಕಿ ಬಂತು. ಇಲ್ಲಿಂದ ಅಲ್ಲಿಗೆ ಈ ನಂಬರ್, ಅಲ್ಲಿಂದ ಕೆರೆಗೆ ಆ ನಂಬರ್. ನಾನು ಅಳತೆಯ ಪುಸ್ತಕದಲ್ಲಿ ಬರೆಯುತ್ತಾ ಹೋದೆ.

ಟೈಲರುಗಳು ಅಳತೆ ಬರೆಯುವ ಕ್ರಮ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಎದೆ ಇಷ್ಟು, ಸೊಂಟ ಇಷ್ಟು ಎಂದು ನಾವು ಹೆಸರು ಹಾಕಿ ಬರೆಯುವುದಿಲ್ಲ. ಬರೀ ಅಂಕೆ, ಒಂದೇ ಸಾಲಿನಲ್ಲಿ. ಉದ್ದ, ಭುಜ, ಎದೆ, ಸೊಂಟ, ತೋಳು. ಕ್ರಮ ತಲೆಯಲ್ಲಿರುತ್ತದೆ. ಗಿರಾಕಿಯ ಮರ್ಯಾದೆಗೂ ಅದು ಒಳ್ಳೆಯದು, ಬೇರೆ ಯಾರು ಪುಸ್ತಕ ತೆರೆದರೂ ತಿಳಿಯುವುದಿಲ್ಲ. ಆ ಹುಡುಗಿಯ ಮಾತು ಮತ್ತು ನನ್ನ ಟೇಪು ಒಟ್ಟೊಟ್ಟಿಗೆ ನಡೆದವು. ಭುಜ ಅಳೆಯುವಾಗ ಅಂಗಡಿ ಬೀದಿ ಬಂತು, ಸೊಂಟಕ್ಕೆ ಟೇಪು ಸುತ್ತುವಾಗ ಲಾಲ್‌ಬಾಗ್ ಬಂತು. ಎಲ್ಲ ಅಂಕೆಗಳೂ ಒಂದೇ ಸಾಲಿನಲ್ಲಿ ಕೂತವು. ಅವಳ ಬಟ್ಟೆಯನ್ನು ಅಳತೆ ನೆನಪಿರುವಾಗಲೇ ಕತ್ತರಿಸಿದ್ದರಿಂದ ರವಕೆ ಬಚಾವಾಯಿತು. ನಾನು ಬಚಾವಾಗಲಿಲ್ಲ.

ಹೋಗುವ ದಿನ ಹತ್ತಿರ ಬಂದ ಹಾಗೆ ಒಂದು ತಮಾಷೆ ನಡೆಯುತ್ತಿತ್ತು, ಅದು ನನಗೆ ಗೊತ್ತಾದದ್ದು ಆಮೇಲೆ. ಹುಡುಗಿಯರು ನನ್ನನ್ನು ಬೆಂಗಳೂರಿನಲ್ಲಿ ಹೇಗೆ ಕಳಚಿಕೊಳ್ಳುವುದು ಎಂದು ಗುಟ್ಟಾಗಿ ಉಪಾಯ ಹುಡುಕುತ್ತಿದ್ದರು. ನಾನು ಅವರಿಂದ ಹೇಗೆ ಕಳಚಿಕೊಳ್ಳುವುದು ಎಂದು ಗುಟ್ಟಾಗಿ ಉಪಾಯ ಹುಡುಕುತ್ತಿದ್ದೆ. ಲಾಲ್‌ಬಾಗ್ ಒಂದಕ್ಕೆ ಠೀವಿಯಿಂದ ಕರೆದುಕೊಂಡು ಹೋಗಿ, ಹಳೆಯ ಸ್ನೇಹಿತರನ್ನು ನೋಡಬೇಕು ಎಂದು ಹೇಳಿ ಜಾರಿಕೊಳ್ಳುವುದು ನನ್ನ ಲೆಕ್ಕ. ಎರಡೂ ಕಡೆಯವರು ಬಾಯಿ ಬಿಟ್ಟು ಮಾತಾಡಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಶನಿವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದೆವು. ಕಾನ್ವೆಂಟಿಗೆ ನಮ್ಮ ಸಿಸ್ಟರ್ ಕಾಗದದಲ್ಲಿ ದಾರಿ ಬರೆದು ಕಳಿಸಿದ್ದರಿಂದ ಅಲ್ಲಿಯವರೆಗೆ ಮಾನ ಉಳಿಯಿತು. "ಸಂಜೆ ಆರೂವರೆಗೆ ಗೇಟು ಮುಚ್ಚುತ್ತೇವೆ" ಎಂದು ಸಿಸ್ಟರ್ ಹುಡುಗಿಯರಿಗೆ ಹೇಳಿದರು. ನನಗೆ "ನೀನು ಇಲ್ಲೇ ನಿಲ್ಲು" ಎಂದು ಗೇಟಿನ ಹೊರಗಿನ ಕಲ್ಲು ತೋರಿಸಿದರು. ಹುಡುಗಿಯರು ಮುಖ ತೊಳೆದು ಹೊಸ ಸೀರೆ ಉಟ್ಟು ಬಂದರು. ನಾನು ಮುಂದೆ, ಅವರು ಹಿಂದೆ. ಬಸ್‌ಸ್ಟ್ಯಾಂಡಿಗೆ ಬಂದು ನಾನು ಕಂಬದ ಮರೆಯಲ್ಲಿ ಪುಸ್ತಕ ತೆರೆದೆ.

ಅಂಕೆಗಳು ಸಾಲಾಗಿ ನನ್ನನ್ನು ನೋಡಿದವು. ಹದಿನಾಲ್ಕು, ಹದಿಮೂರೂವರೆ. ಹದಿಮೂರೂವರೆ ಬಸ್ಸಲ್ಲ, ಅಷ್ಟು ಬುದ್ಧಿ ಇತ್ತು. ಮುಂದಿನದ್ದು ಯಾವುದು ಹುಡುಗಿ, ಯಾವುದು ಬಸ್ಸು? ವಾರದ ಹಿಂದೆ ತಲೆಯಲ್ಲಿದ್ದದ್ದು ಈಗ ಇರಲಿಲ್ಲ. ಪಕ್ಕದಲ್ಲೇ ಕಡಲೆಕಾಯಿ ಮಾರುವವನು ಇದ್ದ. ಅವನನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಆದರೆ ನಾಲ್ಕು ಜೊತೆ ಕಣ್ಣು ನನ್ನ ಬೆನ್ನ ಮೇಲಿತ್ತು. ಬೆಂಗಳೂರಿನಲ್ಲಿ ಕೆಲಸ ಮಾಡಿದವನು ದಾರಿ ಕೇಳುವುದುಂಟೇ? ಅಷ್ಟರಲ್ಲಿ ಇಪ್ಪತ್ತೆಂಟು ಎಂದು ಬರೆದ ಬಸ್ಸು ಬಂದು ನಿಂತಿತು. ಪುಸ್ತಕದಲ್ಲಿಯೂ ಇಪ್ಪತ್ತೆಂಟು ಇತ್ತು. "ಬನ್ನಿ, ಬನ್ನಿ" ಎಂದು ಎಲ್ಲರನ್ನೂ ಹತ್ತಿಸಿ, ಕೊನೆಯ ಸ್ಟಾಪಿಗೆ ಐದು ಟಿಕೆಟ್ ತೆಗೆದೆ. ಎಲ್ಲಿ ಇಳಿಯಬೇಕೆಂದು ಗೊತ್ತಿಲ್ಲದವನು ಕೊನೆಯವರೆಗೆ ಹೋಗುವುದೇ ಕ್ಷೇಮ ಎಂದು ನನ್ನ ತರ್ಕ.

ಮುಕ್ಕಾಲು ಗಂಟೆಯಾಯಿತು. ಮಹಡಿಗಳು ಹೋಗಿ ಹಂಚಿನ ಮನೆ ಬಂದವು, ಹಂಚಿನ ಮನೆ ಹೋಗಿ ರಾಗಿ ಹೊಲ ಬಂತು. ಬಸ್ಸು ನಿಂತಿತು. ಎದುರಿಗೆ ನೀಲಗಿರಿ ಮರದ ತೋಪು, ಅದರಾಚೆ ಹೊಗೆ ಬಿಡುವ ಇಟ್ಟಿಗೆ ಗೂಡು.

ಟೀಚರ್ ವೇಳಾಪಟ್ಟಿ ಕೈಯಲ್ಲಿ ಹಿಡಿದು ಇಳಿದಳು. "ಅಣ್ಣಾ, ಲಾಲ್‌ಬಾಗಿನಲ್ಲಿ ಇಟ್ಟಿಗೆ ಸುಡುತ್ತಾರಾ?"

"ಇದು ಹಿಂದಿನ ಗೇಟಿನ ದಾರಿ" ಎಂದೆ. ಈ ಮಾತು ನನ್ನ ಬಾಯಿಂದ ಹೇಗೆ ಬಂತೋ ದೇವರಿಗೇ ಗೊತ್ತು.

ನರ್ಸ್ ಕೈಚಾಚಿ ನನ್ನ ಕೈಯಿಂದ ಪುಸ್ತಕ ಕಸಿದಳು. ಅವಳ ರವಕೆಗಳನ್ನು ನಾನು ನಾಲ್ಕು ವರ್ಷದಿಂದ ಹೊಲಿಯುತ್ತಿದ್ದೆ, ಸಾಲಿನ ಕ್ರಮ ಅವಳಿಗೆ ಬಾಯಿಪಾಠ ಆಗಿಹೋಗಿತ್ತು. ಬೆರಳಿಟ್ಟು ಓದಿದಳು. ಮತ್ತೊಮ್ಮೆ ಓದಿದಳು. "ಮೂವತ್ತಮೂರು ಎದೆ. ಇಪ್ಪತ್ತೆಂಟು ಸೊಂಟ. ಅಣ್ಣಾ, ನೀವು ನಮ್ಮನ್ನು ಬಸ್ಸಿನಲ್ಲಿ ತಂದದ್ದಲ್ಲ. ಯಾವಳದೋ ಸೊಂಟದಲ್ಲಿ ತಂದಿದ್ದೀರಿ!"

ಬೊಂಬಾಯಿಯವಳು ನೆಲಕ್ಕೆ ಕೂತು ನಕ್ಕಳು. ಟೀಚರ್ ವೇಳಾಪಟ್ಟಿಯಿಂದ ಮುಖ ಮುಚ್ಚಿಕೊಂಡು ನಕ್ಕಳು. ಇಟ್ಟಿಗೆ ಗೂಡಿನ ಹೆಂಗಸರು ಕೆಲಸ ಬಿಟ್ಟು ಬಂದು ಏನಾಯಿತೆಂದು ಕೇಳಿದರು. ನರ್ಸ್ ಅವರಿಗೂ ಹೇಳಿದಳು. ಅವರೂ ನಕ್ಕರು. ಮೂವತ್ತು ವಯಸ್ಸಿನ, ಸ್ವಂತ ಅಂಗಡಿ ಇರುವ ಗಂಡಸು ನಾನು. ನಿಂತಲ್ಲೇ ಗೂಡಿಗೆ ಹಾಕಿ ಸುಟ್ಟರೂ ಸಾಕಿತ್ತು.

ನಗದವಳು ತಂಗಿ ಒಬ್ಬಳೇ. ಅವಳು ಕಂಡಕ್ಟರನ ಹತ್ತಿರ ಹೋಗಿ ಲಾಲ್‌ಬಾಗಿಗೆ ಹೇಗೆ, ಎಲ್ಲಿ ಇಳಿಯಬೇಕು, ಅಲ್ಲಿಂದ ಕೆರೆಗೆ ಯಾವುದು ಎಂದು ಒಂದೊಂದಾಗಿ ಕೇಳಿದಳು. ಹೆಸರಿಗೂ ಅಂಜಿಕೆ ಇಲ್ಲ. ಅವನು ಟಿಕೆಟಿನ ಹಿಂಬದಿಯಲ್ಲಿ ಬರೆದುಕೊಟ್ಟ. ಎರಡೇ ನಿಮಿಷದ ಕೆಲಸ. ಬಸ್ಸು ವಾಪಸು ಹೊರಡಲು ಸಮಯವಿತ್ತು. ಮೂವರು ನೀಲಗಿರಿಯ ನೆರಳಿನಲ್ಲಿ ಇನ್ನೂ ಕಣ್ಣು ಒರೆಸುತ್ತಿರುವಾಗ ತಂಗಿ ನನ್ನ ಪಕ್ಕಕ್ಕೆ ಬಂದು ಸಣ್ಣ ದನಿಯಲ್ಲಿ ಕೇಳಿದಳು.

"ಅಣ್ಣಾ, ನಿಜ ಹೇಳು. ನೀನು ಬೆಂಗಳೂರಿನಲ್ಲಿ ಎಂತ ನೋಡಿದ್ದಿ?"

"ಪ್ಯಾಂಟು."

"ಪ್ಯಾಂಟಾ? ರವಕೆ ಅಲ್ವಾ?"

"ಪ್ಯಾಂಟಿನ ಎಡಗಾಲು" ಎಂದೆ. ಅದುವರೆಗೆ ಆ ಮಾತನ್ನು ನಾನು ಪಾಪನಿವೇದನೆಯಲ್ಲಿ ಪಾದ್ರಿಗೂ ಹೇಳಿರಲಿಲ್ಲ.

ಅವಳು ಗೆಳತಿಯರ ಹತ್ತಿರ ಹೋಗಿ, "ಅಣ್ಣನಿಗೆ ಹಳೆಯ ಸ್ನೇಹಿತರನ್ನು ನೋಡಲಿಕ್ಕುಂಟಂತೆ. ನಾವೇ ಹೋಗುವ" ಎಂದಳು. ನಾನು ಯೋಚಿಸಿಟ್ಟ ಸುಳ್ಳನ್ನೇ ನನ್ನ ಪರವಾಗಿ ಹೇಳಿದಳು, ನಾನು ಹೇಳಿಕೊಡದೆ.

ಎರಡು ದಿನ ನಾನು ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಬಿದ್ದುಕೊಂಡು, ಒಂದೇ ಹೋಟೆಲಿನಲ್ಲಿ ಮೂರು ಹೊತ್ತು ಊಟ ಮಾಡಿ, ಒಂದೇ ಓಣಿಯಲ್ಲಿ ಹೋಗಿ ಅದೇ ಓಣಿಯಲ್ಲಿ ಬಂದೆ. ಭಾನುವಾರ ಸಂಜೆ ಊರಿನ ಬಸ್ಸಿನ ಹತ್ತಿರ ಹುಡುಗಿಯರು ಬಂದರು. ಮೂಗಿನ ತುದಿ ಬಿಸಿಲಿಗೆ ಕೆಂಪಾಗಿತ್ತು. ದೋಣಿಯಲ್ಲಿ ಟೀಚರ್ ಹುಟ್ಟು ಹಾಕಿ, ಬಾಡಿಗೆಯವನಿಗೆ ಹುಟ್ಟು ಹಾಕುವುದು ಹೇಗೆಂದು ಪಾಠ ಮಾಡಿದ್ದಳಂತೆ. ನಾಲ್ವರೂ ಸೇರಿ ಒಂದು ಬಾಟಲಿ ಬಿಯರ್ ಕುಡಿದಿದ್ದರು, ಅರ್ಧ ಉಳಿದದ್ದನ್ನು ಬಿಸಾಡಲು ಮನಸ್ಸಾಗದೆ ನರ್ಸ್ ಮುಗಿಸಿದ್ದಳು. ಆರೂವರೆಯ ಗೇಟಿಗೆ ಆರು ಇಪ್ಪತ್ತೆಂಟಕ್ಕೆ ತಲುಪಿ, ಬಾಯಿಯ ವಾಸನೆಗೆ ಏಲಕ್ಕಿ ಜಗಿದು, ಸಿಸ್ಟರ್ ಜೊತೆ ಜಪಸರಕ್ಕೆ ಕೂತಿದ್ದರು. ತಂಗಿ ಶನಿವಾರ ರಾತ್ರಿ ಮಲಗಿದವಳು ಬೆಳಿಗ್ಗೆ ಒಂಬತ್ತರವರೆಗೆ ಎದ್ದಿರಲಿಲ್ಲವಂತೆ. "ಯಾರೂ ಎಬ್ಬಿಸಲಿಲ್ಲ ಅಣ್ಣಾ" ಎಂದಳು, ಅದು ಲಾಲ್‌ಬಾಗಿಗಿಂತ ದೊಡ್ಡದು ಎಂಬಂತೆ. ಪೂಜೆಗೆ? "ಸಂಜೆಯದ್ದಕ್ಕೆ ಹೋದೆವು. ಮಾಂಯ್ ಯಾವ ಹೊತ್ತಿನದ್ದು ಅಂತ ಹೇಳಿರಲಿಲ್ಲ."

ಊರಿಗೆ ಬಂದ ಮೇಲೆ ನನ್ನ ಭಯ ಶುರುವಾಯಿತು. ಬಸ್ಸಿನ ಕತೆ ಹೇಗೂ ಹೊರಬರುತ್ತದೆ, ಅದು ನನಗೆ ಗೊತ್ತಿತ್ತು. ಪುಸ್ತಕ ತಪ್ಪಿ ಓದಿದ ಎಂದಾಗುತ್ತದೆ, ನಾಲ್ಕು ದಿನ ನಗುತ್ತಾರೆ, ಮುಗಿಯುತ್ತದೆ. ಎಡಗಾಲಿನ ಕತೆ ಹಾಗಲ್ಲ. ಅದು ಬಂದರೆ ಅಂಗಡಿಗೇ ಕುತ್ತು. ಬರಲು ಜಾಗವೂ ತಯಾರಿತ್ತು.

ನಮ್ಮಲ್ಲಿ ಮದುವೆಯ ಹಿಂದಿನ ದಿನ ಹುಡುಗಿಯ ಮನೆಯಲ್ಲಿ ರೋಸ್ ಎಂಬ ಶಾಸ್ತ್ರ. ಹುಡುಗಿಯನ್ನು ಕೂರಿಸಿ ಬಂದವರೆಲ್ಲ ತೆಂಗಿನ ಹಾಲು ಹಚ್ಚಿ ಹರಸುತ್ತಾರೆ. ಆಗ ಹೆಂಗಸರು ಹಾಡುವ ಹಾಡಿಗೆ ವೋವಿ ಎನ್ನುತ್ತಾರೆ. ಹಿರಿಯಳೊಬ್ಬಳು ಎರಡು ಸಾಲು ಕಟ್ಟಿ ಎತ್ತಿಕೊಡುವುದು, ಉಳಿದವರು ಸೇರಿಸಿ ಹಾಡುವುದು. ಹರಕೆಯೂ ಅದರಲ್ಲೇ, ಮನೆಯವರ ಬಣ್ಣ ತೆಗೆಯುವುದೂ ಅದರಲ್ಲೇ. ಹಾಡಿನಲ್ಲಿ ಬಂದದ್ದಕ್ಕೆ ಯಾರೂ ಸಿಟ್ಟು ಮಾಡುವ ಹಾಗಿಲ್ಲ. ನಮ್ಮ ಮನೆಯ ಹಾಡಿನ ಯಜಮಾನಿಕೆ ನಮ್ಮ ತಂದೆಯ ಅಕ್ಕ, ದೊಡ್ಡತ್ತೆಯದ್ದು. ಅರುವತ್ತೈದು ವಯಸ್ಸು, ಎರಡು ಹಲ್ಲು ಕಡಿಮೆ, ನಾಲಿಗೆ ಪೂರ್ತಿ.

ಲಂಚ ಕೊಡಲು ನೋಡಿದೆ. ನಾಲ್ವರು ಹುಡುಗಿಯರ ಮದುವೆಯ ರವಕೆಗಳನ್ನು ಎಲ್ಲರಿಗಿಂತ ಮೊದಲು, ಲೈನಿಂಗ್ ಹಾಕಿ ಹೊಲಿದುಕೊಟ್ಟೆ. ದೊಡ್ಡತ್ತೆಗೂ ಒಂದು ರವಕೆಯ ಬಟ್ಟೆ ಕೊಂಡುಹೋದೆ. ಅವರು ಬಟ್ಟೆ ಮುಟ್ಟಿ ನೋಡಿ, "ಒಳ್ಳೆಯದುಂಟು ಮಗಾ. ನನ್ನ ಸೊಂಟದ ನಂಬ್ರದ ಬಸ್ಸು ಎಲ್ಲಿಗೆ ಹೋಗ್ತದೆ?" ಎಂದರು. ಬಟ್ಟೆ ಮಾತ್ರ ವಾಪಸು ಕೊಡಲಿಲ್ಲ.

ತಂಗಿಯನ್ನು ಬಾವಿಕಟ್ಟೆಯ ಹತ್ತಿರ ಹಿಡಿದು ನಿಲ್ಲಿಸಿದೆ. "ಎಲ್ಲ ಹೇಳಿದ್ದೀಯಲ್ಲ?"

"ಬಸ್ಸು ಹೇಳಿದ್ದು ನರ್ಸ್. ನಾನು ಎಂತದೂ ಹೇಳಲಿಲ್ಲ."

"ಇನ್ನು ಹೇಳ್ತೀಯಾ?"

ಅವಳು ಕೊಡಪಾನ ಸೊಂಟಕ್ಕೇರಿಸಿದಳು. "ನೋಡುವ. ನೀನು ಊಟದ ಹೊತ್ತಿಗೆ ಮಾಡಿದ ಭಾಷಣ ನನಗೆ ಇನ್ನೂ ನೆನಪುಂಟು."

ರೋಸಿನ ಸಂಜೆ ಅಂಗಳದ ಚಪ್ಪರದಲ್ಲಿ ಜನ ತುಂಬಿದ್ದರು. ಮುಂದಿನ ಸಾಲಿನ ಕುರ್ಚಿಯಲ್ಲಿ ಮಣಿಪಾಲದ ನನ್ನ ದೊಡ್ಡ ದೊಡ್ಡ ಗಿರಾಕಿಗಳು, ಮೈಮೇಲೆ ನನ್ನದೇ ಹೊಲಿಗೆ. ನಾನು ಗ್ಯಾಸ್ ಲೈಟಿನ ಕಂಬಕ್ಕೆ ಒರಗಿ ನಿಂತಿದ್ದೆ. ತಂಗಿ ಹಳೆಯ ಸೀರೆ ಉಟ್ಟು ಮಧ್ಯದಲ್ಲಿ ಕೂತಿದ್ದಳು, ತಲೆಯಿಂದ ಗಲ್ಲದವರೆಗೆ ತೆಂಗಿನ ಹಾಲು ಇಳಿಯುತ್ತಿತ್ತು. ದೊಡ್ಡತ್ತೆ ದೇವರ ಹೆಸರಿನ ಎರಡು ಹಾಡು ಮುಗಿಸಿ, ಗಂಟಲು ಸರಿ ಮಾಡಿಕೊಂಡು ನನ್ನ ಕಡೆ ನೋಡಿದರು. ಕೊಂಕಣಿಯಲ್ಲಿ ಹಾಡಿದ್ದನ್ನು ಕನ್ನಡಕ್ಕೆ ತಂದರೆ ಅರ್ಧ ರಸ ಸೋರಿಹೋಗುತ್ತದೆ, ಆದರೂ ಬರೆಯುತ್ತೇನೆ:

ಬೆಂಗಳೂರ ದರ್ಜಿ ಬಸ್ಸ ಹಿಡಿದ
ಹುಡುಗಿಯ ಸೊಂಟದ ನಂಬ್ರ ನೋಡಿ,
ಹೂದೋಟ ತೋರ್ತೇನೆ ಬನ್ನಿರೆಂದ
ಇಟ್ಟಿಗೆ ಗೂಡಿನ ಹೊಗೆ ತೋರಿಸಿದ.

ಚಪ್ಪರ ಹಾರಿಹೋಗುವ ಹಾಗೆ ನಗು. ಡಾಕ್ಟರರ ಹೆಂಡತಿ ಒಬ್ಬರು ಕರ್ಚೀಫು ಬಾಯಿಗೆ ಒತ್ತಿಕೊಂಡು ಪಕ್ಕದವರ ಮೇಲೆ ಬಿದ್ದರು. ಅವರ ರವಕೆಯ ಬಗಲಿನ ಹೊಲಿಗೆ ಬಿಡಲಿಲ್ಲ, ಅದನ್ನು ನಾನು ಗಮನಿಸಿದೆ. ನಾನೂ ಹಲ್ಲು ಬಿಟ್ಟೆ. ದೊಡ್ಡತ್ತೆ ಮತ್ತೆ ದನಿ ಎತ್ತಿದರು.

ಬೆಂಗಳೂರಲಿ ನೀನು ಎಂತ ಕಲಿತೆ,
ಹೇಳೋ ದರ್ಜಿ, ಹೇಳೋ ಮಗನೇ...

ಅಷ್ಟು ಹಾಡಿ ನಿಲ್ಲಿಸಿದರು. ವೋವಿಯಲ್ಲಿ ಹೀಗೆ ಅರ್ಧ ಬಿಟ್ಟರೆ ಗೊತ್ತಿದ್ದವರು ಉಳಿದ ಅರ್ಧ ಕೊಡಬೇಕು. ಅವರು ತಂಗಿಯ ಕಡೆ ಬಗ್ಗಿದರು. ನರ್ಸ್, ಟೀಚರ್, ಬೊಂಬಾಯಿಯವಳು ಎಲ್ಲರೂ ಅವಳನ್ನೇ ನೋಡಿದರು. ಮುಂದಿನ ಸಾಲು ಕಿವಿ ನಿಮಿರಿಸಿತು. ತಂಗಿ ರೆಪ್ಪೆಯ ಮೇಲಿನ ಹಾಲು ಒರೆಸಿಕೊಂಡು ಕಂಬದ ಹತ್ತಿರ ನನ್ನನ್ನು ಹುಡುಕಿ ನೋಡಿದಳು. ಒಂದು ಮಾತು ಸಾಕಿತ್ತು. ಅವಳು ಬೇಡವೆಂದು ತಲೆಯಾಡಿಸಿ, ದೊಡ್ಡತ್ತೆಯ ಕಿವಿಯಲ್ಲಿ ಏನೋ ಹೇ‍ಳಿದಳು. ದೊಡ್ಡತ್ತೆ ಮುಖ ಸೊಟ್ಟ ಮಾಡಿ, ಸಾಲು ಬದಲಿಸಿ, ಮಸ್ಕತ್ತಿನ ಅಳಿಯನಿಗೆ ಕಾಯುವ ಎರಡು ಎಮ್ಮೆಗಳ ಮೇಲೆ ಹಾಡು ಕಟ್ಟಿದರು.

ಉಳಿದೆ. ಉಳಿದದ್ದಕ್ಕೆ ಸಂತೋಷ ಪಡಬೇಕಿತ್ತು. ಆದರೆ ಆ ರಾತ್ರಿಯಿಂದ ಒಂದು ಸಣ್ಣ ಸೂಜಿ ಒಳಗೆ ಎಲ್ಲೋ ಮುರಿದು ಉಳಿದ ಹಾಗೆ ಆಯಿತು. ನಾನು ಯಾರ ಹಂಗಿನಲ್ಲಿಯೂ ಇದ್ದವನಲ್ಲ. ಹನ್ನೊಂದನೇ ವರ್ಷದಿಂದ ದುಡಿದು ತಿಂದವನು. ಈಗ ನನ್ನ ಬೋರ್ಡು ತಂಗಿಯ ಬಾಯಿಯ ಮೇಲೆ ನಿಂತಿತ್ತು. ಗಿರಾಕಿಗಳು "ಬೆಂಗಳೂರಿನಲ್ಲಿ ಈಗ ಕುತ್ತಿಗೆ ಹೇಗೆ?" ಎಂದು ಕೇಳಿದರೆ ಗೋಡೆ ನೋಡಲು ಮೊದಲಿನ ಹಾಗೆ ಆಗುತ್ತಿರಲಿಲ್ಲ. ಮಾತು ತೊದಲುತ್ತಿತ್ತು.

ಭಾವ ಮಸ್ಕತ್ತಿಗೆ ಹಾರಿದ ಮೇಲೆ ತಂಗಿ ಒಂದು ದಿನ ಕಾರ್ಕಳದಿಂದ ಅಂಗಡಿಗೆ ಬಂದಳು. ಕೈಗೆ ಎಮ್ಮೆಯ ಹುಲ್ಲಿನ ವಾಸನೆ, ಮುಖದಲ್ಲಿ ಅದೇ ನಗು. ಬೆಂಚಿನ ಮೇಲೆ ಕೂತು, ಹೊರಗೆ ಗಿರಾಕಿ ಇಲ್ಲದ್ದು ನೋಡಿ, "ಅಣ್ಣಾ, ಎರಡು ದಿನ ಅಂಗಡಿ ಮುಚ್ಚಿ ಹೋಗಿ ಬಾ ಮಾರಾಯ. ಅಷ್ಟು ಚಂದ ಉಂಟು" ಎಂದಳು.

"ನನಗೆ ಹೇಳಿಕೊಡುವಷ್ಟು ದೊಡ್ಡವಳಾದೆಯಾ?" ಎಂದು ಗದರಿಸಿದೆ.

"ಎರಡು ದಿನದ ಬೆಂಗಳೂರು ನನಗೆ ಉಂಟು. ನಿನಗೆ ಎಷ್ಟು ದಿನದ್ದು ಉಂಟು?" ಎಂದು ಹೇಳಿ ಬಸ್ಸಿಗೆ ಎದ್ದು ಹೋದಳು.

ಮುಂದಿನ ವಾರ ಹೊಸ ಫ್ಯಾಶನ್ ನೋಡಿ ಬರುತ್ತೇನೆ ಎಂದು ಮಾಂಯ್‌ಗೆ ಹೇಳಿ ಹೊರಟೆ. ಈ ಸಲ ಪುಸ್ತಕ ಅಂಗಡಿಯಲ್ಲೇ ಬಿಟ್ಟೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಮುಖ ತೊಳೆದು, ಕಾಫಿ ಕುಡಿದು, ಬಸ್ಸುಗಳ ಎದುರಿಗೆ ನಿಂತೆ. ಹಿಂದೆ ಯಾರೂ ಇರಲಿಲ್ಲ. ಆದರೂ ಹತ್ತು ನಿಮಿಷ ಬಾಯಿ ಬರಲಿಲ್ಲ. ಕೊನೆಗೆ ಬಾಗಿಲಲ್ಲಿ ನೇತಾಡುತ್ತಿದ್ದ ಒಬ್ಬ ಕಂಡಕ್ಟರನನ್ನು ಕೇಳಿದೆ.

"ಸ್ವಾಮಿ, ಲಾಲ್‌ಬಾಗಿಗೆ ಯಾವ ಬಸ್ಸು ಉಂಟು?"

"ಇದೇ ಹೋಗುತ್ತೆ, ಹತ್ತಿ. ಯಾವೂರು?"

"ಉಡುಪಿ."

"ಬೆಂಗಳೂರಿಗೆ ಹೊಸಬರಾ?"

ಅಲ್ಲ, ಇಲ್ಲೇ ಕೆಲಸ ಮಾಡಿದವನು ಎಂಬ ಮಾತು ಗಂಟಲಿನವರೆಗೆ ಬಂತು. ನುಂಗಿದೆ. "ಹೌದು" ಎಂದೆ.

ಅವನು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಸ್ಟಾಪು ಬಂದಾಗ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ: "ಯಾರ್ರೀ ಅದು, ಉಡುಪಿಯಿಂದ ಹೊಸದಾಗಿ ಬಂದಿರೋರು? ಲಾಲ್‌ಬಾಗ್, ಇಳ್ಕೊಳ್ಳಿ!"

ಎಲ್ಲರೂ ತಿರುಗಿ ನೋಡಿದರು. ನಾನು ಎದ್ದು, ಅಂಗಿ ಸರಿಮಾಡಿಕೊಂಡು ಇಳಿದೆ.